ಅಕ್ಕನ ಕೆಲಸ ರದ್ದಾದದ್ದು

ಮಹಡಿ ಮನೆಗೆ ಹೊಸದಾಗಿ ಬಂದಿರುವ ಬಾಡಿಗೆಯವರು ಬೆಳಗ್ಗೆ ಎದ್ದ ಕೂಡಲೇ ಊದುಬತ್ತಿ ಹಚ್ಚುತ್ತಾರೆ. ಆ ವಾಸನೆ ಮೆಟ್ಟಿಲಿಳಿದು ನನ್ನ ಅಡುಗೆಮನೆಗೆ ಬಂದಾಗಲೆಲ್ಲ ನಾನು ಹಾಲು ಉಕ್ಕಿಸಿಬಿಡುತ್ತೇನೆ. ನಿಮಗೆ ಊದುಬತ್ತಿ ಎಂದರೆ ದೇವರು ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮಕ್ಕ.

ಅಕ್ಕ ದೇವರಾಜ ಮೊಹಲ್ಲಾದ ಒಂದು ಊದುಬತ್ತಿ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದಳು. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಒಂಟಿಕೊಪ್ಪಲಿನ ನಮ್ಮ ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಿಂದ. ಸಾಯಂಕಾಲ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಸೀರೆಯ ಘಮ ಒಳಗೆ ಬಂದಿರುತ್ತಿತ್ತು. "ಬಂದ್ಳಪ್ಪ, ನಡೆದಾಡೋ ದೇವ್ರಮನೆ" ಎಂದು ಅಮ್ಮ ನಗುತ್ತಿದ್ದಳು. ಆಮೇಲೆ ಕಾಫಿ, ಕಾಫಿಯ ಜೊತೆ ಆಫೀಸಿನ ಕಥೆ. ಪಿ.ಯು.ಸಿ. ಪರೀಕ್ಷೆಯೂ ನಾನೂ ಪರಸ್ಪರ ಕೈಬಿಟ್ಟಿದ್ದ ಕಾಲ ಅದು. ಹೊರಗಿನ ಲೋಕವೆಲ್ಲ ನನಗೆ ಅಕ್ಕನ ಬಾಯಿಂದಲೇ ಬರಬೇಕಿತ್ತು.

ಕಂಪನಿಯ ಹಳೆಯ ಯಜಮಾನರು ಹೋಗಿ ಅವರ ಮಗನ ಕಾರುಬಾರು ಶುರುವಾಯಿತು. ಒಂದು ದಿನ ಆತ ಅಕ್ಕನನ್ನು ಕರೆದು, "ವ್ಯಾಪಾರ ಇಳಿದುಹೋಗಿದೆ ಕಣಮ್ಮ. ಟೈಪಿಸ್ಟ್ ಕೆಲಸಾನೇ ರದ್ದು ಮಾಡ್ಬುಟ್ಟಿದೀವಿ" ಎಂದ. ಆ ತಿಂಗಳ ಸಂಬಳ ಕೊಟ್ಟು ಕಳಿಸಿದ. ಅಕ್ಕ ನಂಬಿದಳು. "ಪಾಪ, ಅವರಿಗೂ ಕಷ್ಟ" ಎಂದು ಮರುಗಿದಳು ಕೂಡ.

ಕೆಲವು ವಾರ ಕಳೆದ ಮೇಲೆ ನಾನು ಹೂವು ತರಲು ಮಾರ್ಕೆಟ್ಟಿಗೆ ಹೋಗಿದ್ದೆ. ಕಂಪನಿಯ ಕೆಳಗೆ ಹಾದುಬರುವಾಗ ಮಹಡಿಯ ಕಿಟಕಿಯಿಂದ ಟೈಪ್‌ರೈಟರಿನ ಸದ್ದು ಕೇಳಿತು. ಒಂದು ಟಕ್, ಬಹಳ ಹೊತ್ತು ಬಿಟ್ಟು ಇನ್ನೊಂದು ಟಕ್. ಹೂವು ಕೊಳ್ಳುವುದನ್ನೂ ಮರೆತು ಮನೆಗೆ ಓಡಿ ಅಕ್ಕನಿಗೆ ಹೇಳಿದೆ. ಅಕ್ಕ ಸೀರೆಯ ನಿರಿಗೆ ಸರಿಮಾಡಿಕೊಂಡು, "ನಡಿ" ಎಂದಳು. ನಾವಿಬ್ಬರೂ ಆ ಕಿಟಕಿಯ ಕೆಳಗೆ ರಸ್ತೆಯಲ್ಲಿ ನಿಂತೆವು. ಕಾಗದ ತಲುಪಿಸಲು ಕೆಳಗಿಳಿದುಬಂದ ಜವಾನ ಅಕ್ಕನನ್ನು ಕಂಡು ತಲೆ ತಗ್ಗಿಸಿ, "ಸಾಹುಕಾರ್ರ ಬಾಮೈದ ಕಣವ್ವ, ನಿಮ್ ಜಾಗದಲ್ಲಿ ಕೂತವ್ರೆ" ಎಂದ. ಅಕ್ಕ ಅಳುತ್ತಾಳೆ ಎಂದುಕೊಂಡೆ. ಅವಳು, "ಕೆಲ್ಸ ನಿಜವಾಗ್ಲೂ ಇಲ್ದಿದ್ರೆ ಸುಮ್ನಿರ್ತಿದ್ದೆ. ಸುಳ್ಳು ಹೇಳಿ ಕಳಿಸಿದ್ರಲ್ಲೇ" ಎಂದಳು. ಮರುದಿನವೇ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ, ಪರಿಹಾರ ಕೊಡಿಸಬೇಕೆಂದು ದೂರು ಕೊಟ್ಟಳು.

ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಅಕ್ಕ ಹೊಸ ಕೆಲಸಕ್ಕಾಗಿ ಬಿಸಿಲಲ್ಲಿ ಊರೆಲ್ಲ ಅಲೆದಳು. ಹೋದಲ್ಲೆಲ್ಲ ಟೈಪಿಂಗ್ ವೇಗಕ್ಕಿಂತ ಮೊದಲು ಮದುವೆಯ ವಿಚಾರ ಬರುತ್ತಿತ್ತು. ಸಂಜೆ ಅವಳು ಆ ಮ್ಯಾನೇಜರುಗಳಂತೆ ಕನ್ನಡಕ ಮೂಗಿನ ತುದಿಗಿಳಿಸಿ, "ನಾಳೆ ಮದ್ವೆ ಆಗಿ ಬಿಟ್ಟೋಗ್ತೀರಲ್ಲಮ್ಮ?" ಎಂದು ಕೇಳಿ, ತಾನೇ "ನೀವೇ ಒಂದು ಗಂಡು ನೋಡಿ ಸಾರ್, ಯಾವತ್ತು ಅಂತ ಹೇಳ್ಬುಡ್ತೀನಿ" ಎಂದು ಉತ್ತರಿಸುವಾಗ ನಾನೂ ಅಮ್ಮನೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಮನೆಖರ್ಚಿಗೆಂದು ಚಿನ್ನದ ಬಳೆಗಳು ಒಂದೊಂದಾಗಿ ಅವಳ ಕೈಬಿಡುತ್ತಿದ್ದರೂ ಆ ಸಂಜೆಗಳು ಹಾಗೇ ಇದ್ದುವು. ಕೊನೆಗೆ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನ ಕಚೇರಿಯವರು ಬಾ ಎಂದರು. ದಾವಣಗೆರೆ! ನಾನು ಶ್ರೀರಂಗಪಟ್ಟಣವನ್ನೇ ಪರದೇಶ ಎಂದುಕೊಂಡಿದ್ದವಳು.

ಕಡೆಯ ವಿಚಾರಣೆಗೆ ನಾನೂ ಹೋದೆ. ಸಾಹುಕಾರನನ್ನು ಎದುರಿಸಲು ರಾತ್ರಿಯೆಲ್ಲ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಅಲ್ಲಿ ಅಕ್ಕನ ಕೊಡೆ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದಷ್ಟೇ ನನ್ನ ಸಾಧನೆ. ಸಾಹುಕಾರ ಬಹಳ ವಿನಯದಿಂದ ಹೇಳಿದ: "ಇವ್ರು ಹೆಣ್ಮಕ್ಳು ಸಾರ್, ಇವತ್ತಲ್ಲ ನಾಳೆ ಗಂಡನ ಮನೆಗೆ ಹೋಗೋರು. ನಮ್ಮ ಬಾಮೈದಂಗೆ ಹೆಂಡತಿ ಮಕ್ಳಿದಾರೆ. ಆ ಕೆಲಸ ಅವನಿಗಾದ್ರೆ ಒಂದು ದಾರಿಯಾಗತ್ತೆ ಅಂತ..."

ಅಧಿಕಾರಿಗಳು ತಲೆಯೆತ್ತಿದರು. "ಅಂದ್ರೆ, ಕೆಲಸ ಇದೆ?"

ಸಾಹುಕಾರ ತನ್ನ ಮುಂದಿದ್ದ ಕಾಗದಗಳನ್ನು ಜೋಡಿಸತೊಡಗಿದ.

ಅಧಿಕಾರಿಗಳು ಅಕ್ಕನ ಕಡೆ ತಿರುಗಿ, "ಏನಮ್ಮ, ಇವರು ನಿಮ್ಮನ್ನ ವಾಪಸ್ ತಗೊಳ್ಬೇಕಾ? ಇಲ್ಲ, ಪರಿಹಾರ ಕೊಡ್ಬೇಕಾ?" ಎಂದು ಕೇಳಿದರು. ವಾಪಸ್ ಅನ್ನು ಅಕ್ಕ, ವಾಪಸ್ ಅನ್ನು ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅಕ್ಕ ಒಂದು ಕ್ಷಣ ನನ್ನನ್ನು ನೋಡಿದಳು. ನನ್ನ ಮುಖ ಓದಿಕೊಂಡಳೆಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಆಮೇಲೆ ಮೆಲ್ಲಗೆ ಹೇಳಿದಳು: "ಪರಿಹಾರ ಕೊಡ್ಲಿ ಸಾರ್. ಆ ಮೆಟ್ಲು ಇನ್ನೊಂದ್ಸಲ ಹತ್ತೋಕೆ ನನ್ನ ಕೈಲಾಗಲ್ಲ."

ಬಂದ ಪರಿಹಾರದಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಆಯಿತು. ಅಕ್ಕ ದಾವಣಗೆರೆಗೆ ಹೋದಳು. ಅಲ್ಲೇ ಹೆಡ್ ಕ್ಲಾರ್ಕ್ ಆದಳು, ಮನೆ ಕಟ್ಟಿಸಿದಳು, ಅಲ್ಲಿಯವರ ಮಾತನ್ನೂ ಕಲಿತಳು. ಮೈಸೂರಿಗೆ ಬಂದರೆ ನಾಲ್ಕು ದಿನದ ನೆಂಟಳು. ನನಗೂ ಮದುವೆಯಾಯಿತು, ಇದೇ ಊರಿನಲ್ಲಿ. ಆದರೂ ಸಾಯಂಕಾಲವಾದರೆ ಎಷ್ಟೋ ವರ್ಷ, ಬಾಗಿಲ ಬಳಿ ಸದ್ದಾದಾಗಲೆಲ್ಲ ಕಾಫಿಗೆ ಇನ್ನೊಂದು ಲೋಟ ನೀರು ಹೆಚ್ಚಿಗೆ ಇಡುತ್ತಿದ್ದೆ.

ಇವತ್ತು ತಡೆಯಲಾರದೆ ಅವಳಿಗೆ ಫೋನು ಮಾಡಿದೆ. "ಮೈಸೂರು ಬಿಟ್ಟು ಇಷ್ಟು ವರ್ಷ ಆಯ್ತಲ್ಲ, ಬೇಜಾರಾಗಲ್ವೇನೇ?"

"ಆಗತ್ತೆ ಕಣೇ. ಬೇಜಾರು ಮಾಡ್ಕೊಳೋಕಾದ್ರೂ ಒಂದೂರು ಬೇಕಲ್ಲ" ಎಂದು ನಕ್ಕಳು. ನಗು ಮುಗಿದ ಮೇಲೂ ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಊರಲ್ಲೇ ಉಳಿದ ನನಗೆ ಬೇಜಾರು ಮಾಡಿಕೊಳ್ಳಲು ಅಂಥ ಊರಿಲ್ಲ, ಇರುವುದು ಅವಳೊಬ್ಬಳೇ.

"ನಾನೇ ಬರ್ತೀನಿ, ಈ ಶನಿವಾರ" ಎಂದೆ.

"ಒಬ್ಳೇನಾ?" ಎಂದಳು ಅಕ್ಕ, ನಂಬದವಳಂತೆ. "ಒಬ್ಳೇ" ಎಂದೆ.