ಕೊನೆಯ ಸಾಲಿನಿಂದ ಕಲಿಸಿದವರು

ನನ್ನ ಪಿಯಾನೊ ಗುರು ಸುಶೀಲಾಬಾಯಿಯವರು ನನ್ನ ಮೊದಲ ಪರೀಕ್ಷೆಯಾದ ಮೇಲೆ ಯಾವ ಹಾಡನ್ನೂ ಮೊದಲಿನಿಂದ ಕಲಿಸಿದವರಲ್ಲ. ಕೊನೆಯ ಸಾಲು ಮೊದಲು, ಅದು ಕೈಗೆ ಕೂತ ಮೇಲೆ ಅದರ ಹಿಂದಿನದು. ಹಾಡಿನ ಆರಂಭಕ್ಕೆ ಬರುವ ಹೊತ್ತಿಗೆ ಎರಡು ತಿಂಗಳು ಕಳೆದಿರುತ್ತಿತ್ತು. ನನಗೆ ಗೊತ್ತಿದ್ದಂತೆ ಕಾಗವಾಡದಲ್ಲಿ ಪಿಯಾನೊ ಇದ್ದದ್ದು ಅವರ ಮನೆಯಲ್ಲೊಂದೇ. ಮಿರಜದ ಯಾವುದೋ ಹಳೆಯ ಬಂಗಲೆಯಿಂದ ಟೆಂಪೊದಲ್ಲಿ ತರಿಸಿದ್ದು.

ಈ ಉಲ್ಟಾ ಪಾಠ ಶುರುವಾದದ್ದು ನನ್ನಿಂದಲೇ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮದು ಭಜನೆಯ ಮನೆ. ಭಜನೆಯಲ್ಲಿ ಯಾರು ಎಲ್ಲಿ ತಪ್ಪಿದರೂ ಎಲ್ಲರೂ ಸೇರಿ ಪಲ್ಲವಿಗೆ ಮರಳುವುದು ರೂಢಿ. ಮಿರಜದ ಮೊದಲ ಪಿಯಾನೊ ಪರೀಕ್ಷೆಯಲ್ಲಿ ನಾನೂ ಅದನ್ನೇ ಮಾಡಿದೆ. ನಡುವೆ ಬೆರಳು ತಪ್ಪಿತು, ಮೊದಲಿಗೆ ಹೋದೆ. ಮತ್ತೆ ಅಲ್ಲೇ ತಪ್ಪಿತು, ಮತ್ತೆ ಹೋದೆ. ಮೂರನೆಯ ಸಲಕ್ಕೆ ಪರೀಕ್ಷಕರು 'ಪುರೆ, ಬಾಳಾ' ಎಂದು ಮರಾಠಿಯಲ್ಲಿ ಸಾಕು ಮಾಡಿಸಿದರು.

ಅಪ್ಪ ನೆಟ್ಟಗೆ ಬಾಯಿಯವರ ಮನೆಗೆ ಬಂದ.

"ಸಾಕ್ ಮಾಡ್ರಿ ಬಾಯಾರ. ಅಕಿ ಕೈ ದ್ರಾಕ್ಷಿ ತ್ವಾಟದ ಕೆಲಸಕ್ಕ ಹುಟ್ಟ್ಯಾವು."

"ಕೈ ಚೊಲೊ ಅದಾವ್ರಿ. ಚಟ ಕೆಟ್ಟೈತಿ. ಇನ್ನೊಂದ್ ಪರೀಕ್ಷಾ ತಡೀರಿ. ಆಗಲಿಲ್ಲಂದ್ರ ನಾನ ಬ್ಯಾಡಂತೀನಿ."

ಅಪ್ಪ ಒಪ್ಪಿದ. ಒಂದೇ ಒಂದು ಪರೀಕ್ಷೆ, ಆಮೇಲೆ ಪಿಯಾನೊ ಮಾತೆತ್ತಬಾರದು. ಅದಿಲ್ಲದೆ ನಾನು ಬದುಕಲಾರೆ ಅನ್ನುವಷ್ಟು ಹಚ್ಚಿಕೊಂಡಿದ್ದೆ.

ಮರುದಿನ ಬಾಯಿಯವರು ಹೇಳಿದರು: "ಬೀಳೂದ್ ತಪ್ಪಲ್ಲಬೇ. ಬಿದ್ದಲ್ಲೆ ಏಳೂದ್ ಬಿಟ್ಟು, ಮನೀಗಿ ಹೋಗಿ ಮತ್ತ ನಡಕೊಂತ ಬರ್ತಿ ನೋಡು, ಅದು ತಪ್ಪ."

ಅಂದಿನಿಂದ ಅದೇ ಹಾಡನ್ನು ಕೊನೆಯ ಸಾಲಿನಿಂದ ಹೊಸದಾಗಿ ಕಲಿಸಿದರು. ಜೊತೆಗೆ ನನ್ನನ್ನು ಬೇಕೆಂದೇ ಬೀಳಿಸತೊಡಗಿದರು. ನುಡಿಸುವುದು ಒಳ್ಳೇ ರಂಗಿಗೆ ಬಂದಾಗ ಹಿಂದಿನಿಂದ ಸ್ಟೀಲ್ ತಾಟು ಕೆಡವುವರು. ಇಲ್ಲವೇ "ನಿಮ್ಮ ಎಮ್ಮಿ ಈದೈತೇನ?" ಎಂದು ಕೇಳುವರು. "ನಿನ್ನ ಬಾಯಿ ಉತ್ತರ ಕೊಡ್ಲಿ, ಕೈ ಮುಂದ ಹೋಗ್ಲಿ." ಕೈ ಹಿಂದೆ ಸರಿದರೆ ಪಿಯಾನೊದ ಮುಚ್ಚಳ ಮೆಲ್ಲಗೆ ಹಾಕಿ ಚಹಾ ಮಾಡಲು ಎದ್ದುಹೋಗುವರು. ಎಷ್ಟು ಚಹಾ ಕುಡಿದೆನೋ ಲೆಕ್ಕವಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಹಾಳಾದ ಬೆರಳು ಅದೇ ಜಾಗದಲ್ಲಿ ತಪ್ಪಿತು. ಆದರೆ ಕೈ ನಿಲ್ಲಲಿಲ್ಲ. ಮುಂದೆ ಹೋದಷ್ಟೂ ಹಾದಿ ಹಗುರಾಯಿತು, ಏಕೆಂದರೆ ಮುಂದಿದ್ದದ್ದೆಲ್ಲ ನಾನು ಎಲ್ಲಕ್ಕಿಂತ ಮೊದಲು ಕಲಿತದ್ದು. ಕೊನೆಯ ಸಾಲನ್ನು ಕಣ್ಣು ಮುಚ್ಚಿ ಬಾರಿಸಿದೆ. ಅಂಥ ಖುಷಿ ನನಗೆ ಮದುವೆಯಲ್ಲೂ ಆಗಲಿಲ್ಲ.

ಬಸ್ಸಿಳಿದು ಇಬ್ಬರೂ ನೇರ ಬಾಯಿಯವರ ಮನೆಗೆ ಹೋದೆವು. ಕೆಲವು ದಿನಗಳಿಂದ ಅವರು ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದರು.

"ತಪ್ಪಿದೇನ?" ಎಂದರು.

"ಹೂನ್ರಿ. ಅದ ಜಾಗಾದಾಗ."

"ಹಿಂದ ಹೋದಿ?"

"ಇಲ್ರಿ. ಕಡೀತನಕ ಹೋದ್ನಿ."

ಅವರು ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು. "ಪಾಸಾದ್ಲರಿ ನಿಮ್ಮ ಮಗಳು."

ಫಲಿತಾಂಶದ ಲಕೋಟೆ ಬರಲು ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬಾಯಿಯವರು ತೀರಿಕೊಂಡಿದ್ದರು. ಅಪ್ಪ ಲಕೋಟೆಯನ್ನು ಒಡೆಯದೆ ಹಾಗೇ ಕಿಸೆಗೆ ಹಾಕಿಕೊಂಡು, ಓಣಿಯ ಮನೆಮನೆಗೂ ಪೇಡೆ ಹಂಚಿ ಬಂದ.