ಈರುಳ್ಳಿ, ಬೀನ್ಸ್ ಮತ್ತು ವಾರಗಿತ್ತಿಯರು

ಕೃಷಿ ಇಲಾಖೆಯ ಆ ಮೇಡಂ ಬಾಯಿ ತೆರೆದರೆ ಸಾಕು, ರೈತರಿಗೆ ಜೋಂಪು ಹತ್ತುತ್ತಿತ್ತು. ನಿದ್ದೆ ಬಾರದ ಮುದುಕರು ಅವರ ಸಭೆಗಳನ್ನು ಹುಡುಕಿಕೊಂಡು ಬರುತ್ತಿದ್ದರು. ಬೀಜ, ಗೊಬ್ಬರ, ಮಣ್ಣು ಪರೀಕ್ಷೆ, ಏನು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಕೊನೆಗೆ ಇಲಾಖೆ ಅವರನ್ನು ತರಬೇತಿಗೆ ಕಳಿಸಿತು. ಮರಳಿದವರ ತಲೆಯಲ್ಲಿ ಒಂದೇ ಹುಳ: ಆಟದ ಸಿದ್ಧಾಂತ.

ದರ್ಜಿ ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದ, "ಏನು, ಇಸ್ಪೀಟಾ?"

"ಅಲ್ಲಾರೀ. ನಾನು ಏನು ಮಾಡ್ಬೇಕು ಅನ್ನೋದು ನೀವೇನು ಮಾಡ್ತೀರಿ ಅನ್ನೋದರ ಮೇಲೆ ನಿಂತಿರುತ್ತೆ. ಅದರ ಲೆಕ್ಕಾಚಾರ."

"ಅದಕ್ಕೆ ಸಿದ್ಧಾಂತ ಅಂತಾರಾ? ನಾನು ಸಂಸಾರ ಅಂದ್ಕೊಂಡಿದ್ದೆ."

ಆಗಷ್ಟೇ ಸರ್ಕಾರ ಹೊಸ ನೀತಿ ತಂದಿತ್ತು. ಬೆಳೆದ ಈರುಳ್ಳಿಯನ್ನೆಲ್ಲ ಇನ್ನು ಅದು ಕೊಳ್ಳುವುದಿಲ್ಲ. ರೈತರು ಈರುಳ್ಳಿ ಬಿಟ್ಟು ಬೀನ್ಸ್ ಹಾಕಬೇಕು. ಒಪ್ಪಿಸುವ ಹೊಣೆ ಮೇಡಂ ತಲೆಗೆ ಬಂತು. ಊರೆಲ್ಲ ಬೀನ್ಸ್ ಹಾಕಲಿ, ತಾನೊಬ್ಬ ಈರುಳ್ಳಿ ಬೆಳೆದು ದುಬಾರಿ ಬೆಲೆಗೆ ಮಾರಿ ಗೆಲ್ಲಬೇಕು ಎಂಬುದು ಪ್ರತಿಯೊಬ್ಬನ ಆಸೆ. ಎಲ್ಲರೂ ಹಾಗೇ ಮಾಡಿದರೆ ಈರುಳ್ಳಿ ಬೀದಿಪಾಲು.

ಇದನ್ನು ಆಡಿಸಿಯೇ ತೋರಿಸಲು ಮೇಡಂ ಇಬ್ಬರು ಅಣ್ಣತಮ್ಮಂದಿರನ್ನು ಆರಿಸಿದರು. ಹೊಲದ ಬದುವಿನ ಜಗಳದಿಂದ ವರ್ಷಗಟ್ಟಲೆ ಮಾತು ಬಿಟ್ಟವರು. ತಮ್ಮನನ್ನು ಬೀಜದ ಗೋದಾಮಿನಲ್ಲಿ ಮೂಟೆಗಳ ನಡುವೆ ಕೂರಿಸಿದರು, ಅಣ್ಣನನ್ನು ಸಭೆಯ ಮುಂದೆ.

"ಬೀನ್ಸೋ ಈರುಳ್ಳಿಯೋ, ನನ್ನ ಕಿವೀಲಿ ಹೇಳಿ," ಎಂದು ಇಬ್ಬರಿಗೂ ತಿಳಿಸಿ, "ಇಬ್ಬರೂ ಈರುಳ್ಳಿ ಅಂತಾರೆ, ನೋಡ್ತಿರಿ!" ಎಂದು ಮೇಡಂ ಸಭೆಗೆ ಸಾರಿದರು. ಅಂದು ಒಬ್ಬರೂ ತೂಕಡಿಸಲಿಲ್ಲ.

ತಮ್ಮ "ಬೀನ್ಸ್" ಎಂದ. ಅಣ್ಣನೂ "ಬೀನ್ಸ್" ಎಂದ.

ಮೇಡಂ ಮುಖ ಹುಳ್ಳಗಾಯಿತು. "ಯೋಚನೆ ಮಾಡಿ ಹೇಳಿ ಯಜಮಾನ್ರೇ! ನಿಮ್ಮ ತಮ್ಮ ಕೈ ಕೊಟ್ರೆ?"

"ಕೊಡೋನೇ. ಆದ್ರೆ ಅವನ ಹೆಂಡ್ತಿ ಬಿಡಲ್ಲ."

"ನೀವು ಮಾತೇ ಆಡಲ್ಲ, ನಿಮಗೆ ಹೇಗೆ ಗೊತ್ತು?"

"ನಾವು ಆಡಲ್ಲ ಮೇಡಂ. ವಾರಗಿತ್ತಿಯರು ಹಿತ್ತಲ ಗೋಡೆ ಹತ್ರ ದಿನಾ ಆಡ್ತಾರೆ. ಬೀನ್ಸ್ ಅಂತ ಆಗ್ಲೇ ತೀರ್ಮಾನ ಆಗಿದೆ. ಈರುಳ್ಳಿ ಅಂದ್ರೆ ನಂಗೆ ಊಟ ಇಲ್ಲ."

ಸಭೆ ಬಿದ್ದುಬಿದ್ದು ನಕ್ಕಿತು. "ಯಾಕೆ ನಗ್ತಿದ್ದೀರಿ? ನಾನು ಈಚೆ ಬರ್ಲಾ?" ಎಂದು ಗೋದಾಮಿನಿಂದ ತಮ್ಮ ಕೂಗುತ್ತಿದ್ದ.

ಮನೆಗೆ ಮರಳುವ ಬಸ್ಸಿನಲ್ಲಿ ಮೇಡಂಗೆ ಅಳುವೇ ಬಂದಿತ್ತು. ಆದರೆ ಬೆಳಗಾಗುವಷ್ಟರಲ್ಲಿ ಅಳು ಹೋಗಿ ಹಟ ಬಂತು. ಅಂದಿನಿಂದ ಸಭಾಭವನದ ಬೀಗ ತೆಗೆಸುವುದನ್ನೇ ಬಿಟ್ಟು ಹಿತ್ತಲು ಹಿತ್ತಲು ಸುತ್ತಿದರು. ಹೆಂಗಸರು ಬೀನ್ಸೇ ಹಾಕಿಸುತ್ತೇವೆಂದು ಅಕ್ಕಪಕ್ಕದವರೆದುರು ಮಾತು ಕೊಟ್ಟರು. ಕೊಟ್ಟ ಮೇಲೆ ಗಂಡಂದಿರ ಕಾವಲಿಗೂ ನಿಂತರು. ಭಾಷಣ ಮಾಡಬೇಕಿರಲಿಲ್ಲವಾದ್ದರಿಂದ ಮೇಡಂಗೂ ಹಾಯೆನಿಸಿತು.

ಬೀನ್ಸ್ ಬಳ್ಳಿ ಹಬ್ಬಿದ ಮೇಲೆ ಒಂದು ಮಧ್ಯಾಹ್ನ ಮೇಡಂ ಆ ಅಣ್ಣತಮ್ಮಂದಿರ ಹೊಲಕ್ಕೆ ಹೋದರು. ಬಾವಿಯ ಹಿಂದೆ ಅಣ್ಣ ಕದ್ದು ನೆಟ್ಟಿದ್ದ ಈರುಳ್ಳಿಯನ್ನು ಅವನ ಹೆಂಡತಿ ಬೈಯುತ್ತ ಕೀಳುತ್ತಿದ್ದಳು. ಬದುವಿನಾಚೆ ಜೋಳದ ಮರೆಯಲ್ಲಿ ವಾರಗಿತ್ತಿಯೂ ಅದೇ ಕೆಲಸದಲ್ಲಿದ್ದಳು.

"ನೋಡಿದ್ರಾ! ನಾನು ಹೇಳಿದ್ದೇ ಸರಿ! ಇಬ್ಬರೂ ಈರುಳ್ಳಿ!" ಮೇಡಂ ಚಪ್ಪಾಳೆ ತಟ್ಟಿದರು.

ಅವರ ಸಂಭ್ರಮ ಯಾರಿಗೂ ಬೇಕಿರಲಿಲ್ಲ. ಆಚೆ ಹೊಲದಿಂದ ತಮ್ಮನು ಬದುವಿನ ಹತ್ತಿರ ಬಂದು ಕತ್ತು ಚಾಚಿದ.

"ಅಣ್ಣಾ, ನಿಂದೂ ಕಿತ್ರಾ?"

"ಬೇರು ಸಮೇತ ಕಣೋ," ಎಂದ ಬದುವಿನ ಮೇಲೆ ಕೂತಿದ್ದ ಅಣ್ಣ, ಪಕ್ಕಕ್ಕೆ ಸರಿದು ಅವನಿಗೂ ಕೂರಲು ಜಾಗ ಮಾಡಿಕೊಡುತ್ತ.