ಬಾಯಿಲೆ ಕೊಟ್ಟ ಜವಾಬು

ಲೋಕದಲ್ಲಿ ದೊಡ್ಡ ದೊಡ್ಡ ಮೌನಗಳು ಆಗಿಹೋಗಿವೆ. ಗುಹೆಯೊಳಗೆ ಹನ್ನೆರಡು ವರ್ಷ ತುಟಿ ಬಿಚ್ಚದೆ ಕೂತವರಿದ್ದಾರೆ. ಗೋಡೆಯ ಜಗಳಕ್ಕೆ ಅಣ್ಣನ ಜೊತೆ ಮಾತು ಬಿಟ್ಟು, ಅಣ್ಣ ಸತ್ತ ಮೇಲೂ ಬಿಟ್ಟೇ ಇದ್ದವರಿದ್ದಾರೆ. ಆದರೆ ಬೀದರಿನಾಚೆ ಗಡಿಯ ನಮ್ಮ ನಾಗಲಗಿದ್ದ ಸೀಮೆಯಲ್ಲಿ ಮೌನ ಅಂದರೆ ಒಂದೇ, ಅದು ಈಶಮ್ಮನದು. ಒಂದು ಜೋಳದ ರೊಟ್ಟಿ ಹೆಂಚಿನ ಮೇಲೆ ಉಬ್ಬಿ ಇಳಿಯುವಷ್ಟು ಹೊತ್ತಿನ ಮೌನ.

"ಊಟ ಆತೇನ್ರಿ?" ಎಂದು ಕೇಳುವುದು ನಮ್ಮ ಕಡೆ ಎಲ್ಲರ ರೂಢಿ. ಕೇಳಿದವರು ನಡೆದುಕೊಂಡೇ ಹೋಗುತ್ತಾರೆ, ಕೇಳಿಸಿಕೊಂಡವರು ಬೆನ್ನಿಗೆ "ಆತ್ರಿ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಈಶಮ್ಮ ಹಾಗಲ್ಲ. ಕೇಳಿ ನಿಲ್ಲುತ್ತಿದ್ದಳು. ಬಾಯಿ ಮುಚ್ಚಿ, ಗದ್ದ ಸ್ವಲ್ಪ ಮೇಲೆತ್ತಿ, ನಿಮ್ಮ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಆ ನೋಟದ ಮುಂದೆ ಸುಳ್ಳು ಹೇಳಿದವರಿಲ್ಲ. ಒಮ್ಮೆ ನಾರಾಯಣಖೇಡದ ಬಸ್ಸಿನ ಕಂಡಕ್ಟರನಿಗೆ ಕೇಳಿ ಬಾಗಿಲ ಕಂಬಿ ಹಿಡಿದು ನಿಂತಳಂತೆ. ಆತ ಸೀಟಿ ಊದುವುದನ್ನು ಮರೆತು, ಹೆಂಡತಿ ಡಬ್ಬಿ ಕಟ್ಟಿಕೊಡದೆ ತವರಿಗೆ ಹೋದ ಸಂಗತಿಯನ್ನು ಐವತ್ತು ಜನ ಪ್ರಯಾಣಿಕರೆದುರು ಒಪ್ಪಿಕೊಂಡನಂತೆ. ಗೌಡರ ಎತ್ತಿಗೆ ಕೇಳಿದಾಗ ಎತ್ತು ಮೆಲುಕು ನಿಲ್ಲಿಸಿತು ಅನ್ನುವವರೂ ಇದ್ದಾರೆ. ಎತ್ತಿನ ಮಾತಿಗೆ ಸಾಕ್ಷಿ ಇಲ್ಲವಾದ್ದರಿಂದ ನಾನು ಒತ್ತಾಯ ಮಾಡುವುದಿಲ್ಲ.

ಇಂಥ ಈಶಮ್ಮ ಕೂಲಿ ಹೆಂಗಸು. ಊರ ಕೆಳಗಿನ ಓಣಿಯವಳು. ಬೆಳಗ್ಗೆ ಕುಡುಗೋಲು, ಸಂಜೆ ತಲೆಯ ಮೇಲೆ ಸೊಪ್ಪಿನ ಹೊರೆ. ಸೆರಗಿನ ತುದಿಯ ಗಂಟಿನಲ್ಲಿ ತಂಬಾಕು, ಸುಣ್ಣದ ಡಬ್ಬಿ. ಓದು ಬರಹ ಇಲ್ಲ. ಕನ್ನಡದಲ್ಲಿ ಶುರುವಾದ ಅವಳ ಮಾತು ತೆಲುಗಿನ ಮನೆ ಹೊಕ್ಕು, ಉರ್ದುವಿನ ಬಾಗಿಲಿನಿಂದ ಹೊರಗೆ ಬರುತ್ತಿತ್ತು. ನಮಗೆಲ್ಲ ಅದೇ ಭಾಷೆ.

ಎರಡು ಸಾವಿರದ ಒಂಬತ್ತರ ಚಳಿಗಾಲ. ತೆಲಂಗಾಣ ರಾಜ್ಯ ಬಂತು ಎಂದು ಒಂದು ದಿನ ಪಟಾಕಿ ಹೊಡೆದೆವು. ಬಂದಿಲ್ಲ ಎಂದು ಎರಡು ವಾರದ ಮೇಲೆ ಟೈರು ಸುಟ್ಟೆವು. ಆ ಹೊಗೆ ಆರುವ ಮೊದಲೇ ಹೈದರಾಬಾದಿನ ಒಂದು ಸಂಸ್ಥೆಯವರು ನಮ್ಮೂರಿಗೆ ಜೀಪಿನಲ್ಲಿ ಬಂದು, ಶಂಕ್ರೆಪ್ಪಗೌಡರ ಹಳೇ ಬೀಜದ ಕೋಣೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿದರು. 'ಗಡಿಮಾತು' ರೇಡಿಯೋ ಹುಟ್ಟಿತು. ಹಾಡಿಲ್ಲ, ಕುಣಿತವಿಲ್ಲ, ಬರೀ ಮಾತು. ಅದರ ದನಿ ಹದಿನೈದು ಕಿಲೋಮೀಟರ್ ಹೋಗುತ್ತಿತ್ತು. ಮೋಡವಿಲ್ಲದ ದಿನ ಸಿರ್ಗಾಪುರದಲ್ಲೂ ಕೇಳುತ್ತದೆ ಎಂದು ನಾವು ಹೇಳುತ್ತಿದ್ದೆವು. ಜಂಬ ಬಂದ ದಿನ ದೂರದ ಬಶೀರಾಬಾದಿನಲ್ಲೂ ಕೇಳುತ್ತದೆ ಎನ್ನುತ್ತಿದ್ದೆವು.

ರೇಡಿಯೋ ನಡೆಸಲು ನೇಮಕವಾದವನು ಪ್ರೇಮಕುಮಾರ, ಕೆಳಗಿನ ಓಣಿಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. ದನಿ ಹುಡುಕಲು ಊರೆಲ್ಲ ತಿರುಗಿದ. ಮೇಷ್ಟರು ಮೈಕಿನ ಮುಂದೆ ಪಾಠ ಮಾಡಿದರು, ಸರಪಂಚರು ಭಾಷಣ ಮಾಡಿದರು. ಕೊನೆಗೆ ಬೇಸತ್ತು, ಸೊಪ್ಪು ಹೊತ್ತು ಹೋಗುತ್ತಿದ್ದ ಈಶಮ್ಮನನ್ನು ಕರೆದು ಕೂರಿಸಿದ.

"ಏನರೆ ಮಾತಾಡು ಚಿಗವ್ವ."

"ಯಾರ ಸಂಗಟ?"

"ಎಲ್ಲರ ಸಂಗಟ. ಮನಿ ಮನ್ಯಾಗ ಕುಂತು ಕೇಳ್ತಾರ."

ಈಶಮ್ಮ ಮೈಕನ್ನು ಒಮ್ಮೆ ನೋಡಿದಳು. "ಊಟ ಆತೇನ್ರಿ?" ಅಂದಳು. ಸುಮ್ಮನಾದಳು.

ಪ್ರೇಮಕುಮಾರ ವೈರು ಎಳೆದು ನೋಡಿದ. ಬಟನ್ನು ಒತ್ತಿದ. ರೇಡಿಯೋದಲ್ಲಿ ನಾಲ್ಕು ಸೆಕೆಂಡಿಗಿಂತ ಹೆಚ್ಚು ಸದ್ದಡಗಬಾರದು ಎಂದು ಅವನಿಗೆ ಹೈದರಾಬಾದಿನ ತರಬೇತಿಯಲ್ಲಿ ಕಲಿಸಿದ್ದರು. ಕೈ ಸನ್ನೆ ಮಾಡಿದ, ಕೈ ಮುಗಿದ. ಈಶಮ್ಮ ಗದ್ದ ಎತ್ತಿಕೊಂಡು ಕೂತೇ ಇದ್ದಳು. ರೊಟ್ಟಿ ಉಬ್ಬಿ ಇಳಿಯುವಷ್ಟು ಹೊತ್ತಾದ ಮೇಲೆ, "ಛಲೋ ಆತು. ಈಗ ಕೇಳ್ರಿ, ಖೇಡದ ಬಸ್ಸು ಇವತ್ತಿಲ್ಲ" ಎಂದು ಶುರು ಮಾಡಿದಳು.

ಆ ಹೊತ್ತಿನಲ್ಲಿ ಮನೆಮನೆಗಳಲ್ಲಿ ಏನಾಯಿತು ಎಂಬುದು ಮರುದಿನ ಗೊತ್ತಾಯಿತು. ಎಲ್ಲರೂ ಜವಾಬು ಕೊಟ್ಟಿದ್ದರು. ಒಲೆಯ ಮುಂದಿದ್ದವರು "ಆಗ್ಲತದವ್ವ" ಅಂದಿದ್ದರು, ಹೊಲದ ಬದುವಿನಲ್ಲಿದ್ದವರು "ಬುತ್ತಿ ಬರಬೇಕು" ಅಂದಿದ್ದರು. ನಾನು ಕ್ಷೌರಕ್ಕೆ ಕೂತಿದ್ದೆ, ನೊರೆ ಹಚ್ಚಿದ ಬಾಯಲ್ಲೇ "ಇನ್ನೂ ಇಲ್ಲ" ಅಂದೆ. ಕ್ಷೌರ ಮಾಡುವ ಮಾಳಿಂಗಪ್ಪ ಕತ್ತಿ ಎತ್ತಿ ಹಿಡಿದು ತಾನೂ ಜವಾಬು ಕೊಟ್ಟ. ಮೂವತ್ತು ವರ್ಷ ಸರಕಾರಿ ರೇಡಿಯೋ ಕೇಳಿದ್ದೇವೆ, ಯಾರೂ ನಮ್ಮ ಮಾತು ಮುಗಿಯುವವರೆಗೆ ಕಾದಿರಲಿಲ್ಲ.

ಅಲ್ಲಿಂದ ಗಡಿಮಾತಿನ ದಿಗ್ವಿಜಯ. ಯಾರ ಆಡು ತಪ್ಪಿಸಿಕೊಂಡಿದೆ, ಎಲ್ಲಿ ರಸ್ತಾ ರೋಕೋ, ಬಸುರಿಯನ್ನು ಬೀದರಿಗೆ ಒಯ್ಯಲು ಯಾರ ಹತ್ತಿರ ಗಾಡಿ ಇದೆ, ಎಲ್ಲ ಈಶಮ್ಮನ ಬಾಯಲ್ಲಿ. ಪ್ರತಿ ಸಂಗತಿಗೂ ಒಂದು ಪ್ರಶ್ನೆ, ಪ್ರಶ್ನೆಗೊಂದು ಮೌನ. ರಸ್ತೆಯ ಮೇಲೇ ಒಲೆ ಹೂಡಿ, ಅಡುಗೆ ಮಾಡಿ ಉಣ್ಣುವ ಹೋರಾಟದ ದಿನ ಟೆಂಟಿನ ಕಂಬಕ್ಕೆ ರೇಡಿಯೋ ಕಟ್ಟಿದ್ದರು. "ಊಟ ಆತೇನ್ರಿ?" ಅಂದದ್ದೇ ತಡ, ಮುನ್ನೂರು ಜನ ಮೂರು ಭಾಷೆಯಲ್ಲಿ "ಇನ್ನೂ ಇಲ್ಲ" ಅಂದರು. ಬಂದೋಬಸ್ತಿಗೆ ಬಂದ ಪೊಲೀಸಿನವನೂ ಅಂದ.

ಆದರೆ ಈಶಮ್ಮನ ನಿಜವಾದ ಗೆಲುವು ಗೌಡರ ಮನೆಯೊಳಗೆ ನಡೆಯಿತು. ಶಂಕ್ರೆಪ್ಪಗೌಡರ ಹೆಂಡತಿ ಗುರುಲಿಂಗಮ್ಮ ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ಈಶಮ್ಮ ಆ ಮನೆಯ ಹೊಲದಲ್ಲಿ ಇಪ್ಪತ್ತು ವರ್ಷ ದುಡಿದಿದ್ದಳು, ಹೊಸ್ತಿಲು ದಾಟಿರಲಿಲ್ಲ. ಈಗ ಅವಳ ದನಿ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕ ಕೂತಿತ್ತು. ಗುರುಲಿಂಗಮ್ಮ ರೊಟ್ಟಿ ಬಡಿಯುತ್ತ ದಿನಾ ಅದಕ್ಕೆ ಹೇಳುತ್ತಿದ್ದರು, "ಪೂಜಾ ಆತವ್ವ, ಊಟ ಇನ್ನ ಮ್ಯಾಲ. ನಿಂದು?" ಈ ಸುದ್ದಿಯನ್ನು ಮನೆಯ ಆಳು ಪೀರಮ್ಮ ಕೆಳಗಿನ ಓಣಿಗೆ ಮುಟ್ಟಿಸಿದಳು. ಈಶಮ್ಮ ಮೂರು ಸಲ ಹೇಳಿಸಿ ಕೇಳಿದಳಂತೆ. "ನಿಂದು ಅಂತಾರೇನ? ಖರೇನೇ ನಿಂದು ಅಂತಾರೇನ?" ಆ ದಿನದಿಂದ ಅವಳು ಸ್ಟುಡಿಯೋಕ್ಕೆ ತಪ್ಪಿಸಲಿಲ್ಲ, ಜ್ವರ ಬಂದಾಗಲೂ.

ಎರಡು ಸಾವಿರದ ಹನ್ನೊಂದರ ಮಳೆಗಾಲದ ಕೊನೆಗೆ ಸಂಸ್ಥೆಯಿಂದ ಪತ್ರ ಬಂತು. ಕೇಳುಗರಿಂದ ಎಷ್ಟು ಪ್ರತಿಕ್ರಿಯೆ ಬರುತ್ತದೆ ಎಂದು ನೋಡಲು ಒಬ್ಬರನ್ನು ಕಳಿಸುತ್ತೇವೆ, ಪ್ರತಿಕ್ರಿಯೆ ಇಲ್ಲದ ರೇಡಿಯೋ ಮುಚ್ಚಿ ಕಂಬವನ್ನು ತಾಂಡೂರಿನ ಕಡೆಗೆ ಕೊಡುತ್ತೇವೆ ಎಂದು. ನಾವು ನಕ್ಕೆವು. ಪ್ರತಿಕ್ರಿಯೆ ಎಣಿಸಲು ಒಬ್ಬನೇ ಬಂದರೆ ಸಾಲುತ್ತದೆಯೇ ಎಂದು ಮಾಳಿಂಗಪ್ಪ ಕೇಳಿದ.

ಬಂದವನು ಧನರಾಜ. ಸಭ್ಯ, ತೆಳ್ಳಗೆ, ಕೈಯಲ್ಲಿ ಅಚ್ಚು ಹಾಕಿದ ಫಾರಮ್ಮು. ಮೊದಲು ಗೌಡರ ಮನೆಗೇ ಕರೆದೊಯ್ದೆವು.

"ಗಡಿಮಾತು ಕೇಳ್ತೀರೇನ್ರಿ ಅವ್ವಾರ?"

"ದಿನಾ ಕೇಳ್ತೀನಿ."

"ಎಷ್ಟು ಸಲ ಫೋನ್ ಮಾಡೀರಿ?"

"ಫೋನ್ ಯಾಕ ಮಾಡ್ಲಿ? ಆಕಿ ಕೇಳ್ದಾಗ ಜವಾಬು ಕೊಟ್ಟಿರ್ತೀನಲ್ಲ."

"ಹೆಂಗ ಕೊಡ್ತೀರಿ?"

ಗುರುಲಿಂಗಮ್ಮ ಅವನನ್ನು ಮರುಕದಿಂದ ನೋಡಿದರು. "ಬಾಯಿಲೆ."

ಧನರಾಜ ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿದ. ಫೋನಿಗೆ ಒಂದು ಖಾನೆ ಇತ್ತು, ಪತ್ರಕ್ಕೊಂದು, ಮೆಸೇಜಿಗೊಂದು. "ಬಾಯಿಗೆ ಖಾನಿ ಇಲ್ರಿ," ಎಂದು ನಿಜವಾದ ಸಂಕಟದಿಂದ ಹೇಳಿ, ಸೊನ್ನೆ ಬರೆದ. ನಲವತ್ತು ಮನೆ ತಿರುಗಿದ. ನಲವತ್ತರಲ್ಲೂ ದಿನಾ ಜವಾಬು, ನಲವತ್ತಕ್ಕೂ ಸೊನ್ನೆ. ಹೋಗುವಾಗ ಪ್ರೇಮಕುಮಾರನ ಕೈ ಹಿಡಿದು, "ಒಂದು ವಾರದಾಗ ಐವತ್ತು ಫೋನ್ ಬರ್ಲಿ. ನಾ ಹೆಂಗರ ಮಾಡಿ ಬರಕೊಂತೀನಿ," ಅಂದ. ಒಳ್ಳೆಯವನೇ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆವು.

ಐವತ್ತು ಫೋನು ಯಾವ ಲೆಕ್ಕ ಎಂದುಕೊಂಡೆವು. ನಂಬರನ್ನು ಗೋಡೆಗಳ ಮೇಲೆ ಬರೆಸಿದೆವು. ಮರುದಿನ ಎಂಟು ಗಂಟೆಗೆ ಈಶಮ್ಮ ಮೈಕಿನ ಮುಂದೆ ಕೂತು, ಎಂದೂ ಇಲ್ಲದಷ್ಟು ಗಂಭೀರವಾಗಿ ಹೇಳಿದಳು. "ಫೋನ್ ಬರ್ಲಿಲ್ಲಂದ್ರ ಈ ಮನಿ ಮುಚ್ತಾರ. ಆಮ್ಯಾಲ ನಾ ನಿಮ್ಮನಿಗಿ ಹೆಂಗ ಬರ್ಲಿ? ಎಲ್ಲಾರೂ ಒಂದೊಂದು ಫೋನ್ ಮಾಡ್ತೀರೇನ್ರಿ?"

ಸುಮ್ಮನಾದಳು.

ಹದಿನೈದು ಕಿಲೋಮೀಟರಿನ ಸುತ್ತಿನಲ್ಲಿ ಪ್ರತಿ ಮನೆ, ಪ್ರತಿ ಹೊಲ, ಪ್ರತಿ ಕಟ್ಟೆ ಒಂದೇ ದನಿಯಲ್ಲಿ "ಮಾಡ್ತೀವಿ" ಅಂದಿತು. ಮನಸಾರೆ ಅಂದಿತು. ಅಂದ ಮೇಲೆ ಎದ್ದು ತನ್ನ ತನ್ನ ಕೆಲಸಕ್ಕೆ ಹೋಯಿತು.

ಪ್ರೇಮಕುಮಾರ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಇಡೀ ದಿನ ಕೂತ. ಒಂದೇ ಒಂದು ಸಲ ರಿಂಗಾಯಿತು. ಎತ್ತಿದರೆ ಮೊಬೈಲ್ ಕಂಪನಿಯ ಹೆಂಗಸು, ಕಾಲರ್ ಟ್ಯೂನು ಬೇಕೇ ಎಂದು ಕೇಳಿದಳು. ಮರುದಿನ ಅವನು ಮನೆಮನೆಗೆ ಹೋದ.

"ಯಾಕ್ರಿ, ಫೋನ್ ಮಾಡ್ಲಿಲ್ಲ?"

"ನಿನ್ನೆನೇ ಹೇಳೀನಲ್ಲಪ್ಪ ಆಕಿಗಿ, ಮಾಡ್ತೀನಂತ."

"ಹೇಳಿದ್ರ ಸಾಲದ್ರಿ, ಮಾಡಬೇಕು."

"ಮತ್ತ ನಾ ಹೇಳ್ದ ಮ್ಯಾಲ 'ಛಲೋ ಆತು' ಅಂದ್ಳಲ್ಲ?"

ಮಾಳಿಂಗಪ್ಪನನ್ನು ನಾನೇ ಗದರಿಸಲು ಹೋದೆ. "ನೀವು ಮಾಡೀರೇನ್ರಿ?" ಎಂದು ತಿರುಗಿ ಕೇಳಿದ. ನನಗೆ ಆಗ ನೆನಪಾಯಿತು. ನಾನೂ "ಮಾಡ್ತೀನಿ" ಅಂದಿದ್ದೆ, ಸ್ವಲ್ಪ ಜೋರಾಗಿಯೇ ಅಂದಿದ್ದೆ. ಮಾಡಿದ ಸಮಾಧಾನವೂ ಆಗಿತ್ತು.

ನಾಚಿಕೆಯಾಗಿ ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ತೆಲಂಗಾಣದ ದೊಡ್ಡ ಮುಷ್ಕರ ಶುರುವಾಯಿತು. ಬಸ್ಸುಗಳು ನಿಂತವು. ಆಮೇಲೆ ಕರೆಂಟು ಹೋಗಿ ಹೋಗಿ ಬಂದು, ನಮ್ಮ ಮೊಬೈಲುಗಳು ಕಪ್ಪುಕಲ್ಲಿನ ಹಾಗೆ ತಣ್ಣಗೆ ಕೂತವು. ವಾರ ಮುಗಿದಾಗ ಒಟ್ಟು ಫೋನು ಮೂರು. ಒಂದು ನನ್ನದು, ಎರಡು ಪ್ರೇಮಕುಮಾರನ ಅತ್ತೆಯದು. ಕಂಬ ಬಿಚ್ಚುತ್ತೇವೆ ಎಂಬ ಪತ್ರ ಹೊರಟಿತು.

ಇಲ್ಲಿ ಹೋರಾಟ ನಮಗೊಂದು ಉಪಕಾರ ಮಾಡಿತು. ಕಂಬ ಒಯ್ಯುವ ಲಾರಿ ಜಹೀರಾಬಾದಿನಲ್ಲಿ ರಸ್ತಾ ರೋಕೋಗೆ ಸಿಕ್ಕು ವಾಪಸ್ ಹೋಯಿತು. ಮತ್ತೆ ಹೊರಟಿತು, ಮತ್ತೆ ಸಿಕ್ಕಿತು. ಹನ್ನೊಂದು ದಿನ ನಾವು ಊರಿನವರೆಲ್ಲ ರಸ್ತೆ ತೆರೆಯದಿರಲಿ ಎಂದು ಬೇಡಿಕೊಂಡೆವು. ಮುಷ್ಕರದ ನಾಯಕರೇ ಅಷ್ಟು ಭಕ್ತಿಯಿಂದ ಬೇಡಿಕೊಂಡಿರಲಿಕ್ಕಿಲ್ಲ. ಆ ಹನ್ನೊಂದು ದಿನ ಬ್ಯಾಟರಿಯ ಮೇಲೆ ಗಡಿಮಾತು ನಡೆಯಿತು. ಪೇಪರಿಲ್ಲ, ಟಿವಿ ಇಲ್ಲ, ಬಸ್ಸಿಲ್ಲ, ಈಶಮ್ಮ ಮಾತ್ರ ಇದ್ದಳು. ಅಷ್ಟು ಜನ ಅಷ್ಟು ಕಿವಿಗೊಟ್ಟು ಎಂದೂ ಕೇಳಿರಲಿಲ್ಲ, ಅಷ್ಟು ಜವಾಬು ಎಂದೂ ಕೊಟ್ಟಿರಲಿಲ್ಲ.

ಮುಷ್ಕರ ಮುಗಿದ ಮೂರನೇ ದಿನ ಲಾರಿ ಬಂತು. ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಬಂದ್ ಮಾಡಬೇಕೆಂದು ಹುಕುಂ. ಐದು ನಿಮಿಷ ಇರುವಾಗ ಪ್ರೇಮಕುಮಾರ, "ಕಡೀ ಮಾತು ಆಡು ಚಿಗವ್ವ," ಅಂದ. ಈಶಮ್ಮ ಕಳೆದುಹೋದ ಒಂದು ಎಮ್ಮೆಯ ಗುರುತು ಹೇಳಿದಳು. ಗೋಡೆಯ ಗಡಿಯಾರ ನೋಡಿದಳು, ಅದನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ಆಮೇಲೆ "ಊಟ ಆತೇನ್ರಿ?" ಅಂದು ಸುಮ್ಮನಾದಳು. ಲಾರಿಯವನು ಕಿಟಕಿಗೆ ಬಡಿದ. ಪ್ರೇಮಕುಮಾರ ಆ ಮೌನದ ಮಧ್ಯದಲ್ಲೇ ಗುಂಡಿ ಒತ್ತಿದ. ಮಾತಿನ ಮೇಲೆ ಒತ್ತಲು ಕೈ ಬರಲಿಲ್ಲ ಎಂದು ಆಮೇಲೆ ಹೇಳಿದ.

ಆದ್ದರಿಂದ ರೇಡಿಯೋ ಮುಚ್ಚಿದ್ದು ಬಹಳ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ಜವಾಬು ಕೊಟ್ಟು ಕೂತಿದ್ದರು. ಗುರುಲಿಂಗಮ್ಮ ಎರಡು ರೊಟ್ಟಿ ಸುಟ್ಟ ಮೇಲೆ ಪೀರಮ್ಮನಿಗೆ ಹೇಳಿದರಂತೆ, "ಇವತ್ತ್ಯಾಕ ಈಕಿ ಇಷ್ಟು ಕಾಯ್ತಾಳ? ಹೇಳಿದ್ನಲ್ಲ, ಆತಂತ."

ಎಂಟು ದಿನದ ಮೇಲೆ ನಾನೇ ಕಣ್ಣಾರೆ ಕಂಡದ್ದು. ಗುರುಲಿಂಗಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಕುಡುಗೋಲು ಹಿಡಿದು ಹೋಗುತ್ತಿದ್ದ ಈಶಮ್ಮ ಬೀದಿಯಲ್ಲೇ ನಿಂತು, "ಊಟ ಆತೇನ್ರಿ ಗೌಡ್ತೇರ?" ಅಂದಳು. ಸುಮ್ಮನಾದಳು. ಗದ್ದ ಮೇಲೆತ್ತಿ ನಿಂತಳು.

ಎರಡು ವರ್ಷದ ರೂಢಿ. ಗುರುಲಿಂಗಮ್ಮನ ಬಾಯಿ ತಾನಾಗಿಯೇ ತೆರೆಯಿತು, "ಪೂಜಾ ಆ..." ಎನ್ನುವವರೆಗೂ ಬಂತು. ಬೇವಿನ ಗಿಡದ ಕೆಳಗೆ ಕೂತಿದ್ದ ನೆಂಟರ ಮೇಲೆ ಕಣ್ಣು ಬಿತ್ತು. ಬಾಯಿ ಮುಚ್ಚಿತು. "ನಾಳೆ ಹತ್ತಿ ಬಿಡಸಾಕ ಲಗೂ ಬಾ," ಎಂದು ಎದ್ದು ಒಳಗೆ ಹೋದರು. ಈಶಮ್ಮ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ರೊಟ್ಟಿ ಸೀದು ಹೋಗುವಷ್ಟು ಹೊತ್ತು.

ಆಮೇಲೆ ಅವಳು ಹೊಲದ ಕಡೆ ಹೊರಟಳು. ಹಿಂದೆಯೇ ಹೋಗಿ ಹಳ್ಳದ ಹತ್ತಿರ ಹಿಡಿದು ನಿಲ್ಲಿಸಿದೆ. ಇಂಥವಳ ಬಾಯಿಂದ ಒಂದು ದೊಡ್ಡ ಮಾತು ಹೊರಡಿಸದೆ ಬಿಡಬಾರದು ಅನ್ನಿಸಿತು.

"ಈಶವ್ವ, ಎರಡು ವರ್ಷ ಊರಿಗಿ ಊರೇ ನಿನಗ ಜವಾಬು ಕೊಡ್ತು. ಒಬ್ಬರ ದನೀನೂ ನಿನಗ ಕೇಳಿಸ್ಲಿಲ್ಲ. ಆದ್ರೂ ದಿನಾ ಅಷ್ಟೊತ್ತು ಸುಮ್ಮ ಕುಂತು ಕಾಯ್ತಿದ್ದಿ. ಆ ಹೊತ್ತಿನ್ಯಾಗ ನಿನ್ನ ಮನಸಿನ್ಯಾಗ ಏನಿರ್ತಿತ್ತು?"

ಈಶಮ್ಮ ಸೆರಗಿನ ಗಂಟು ಬಿಚ್ಚಿ, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕಿ, ದವಡೆಗೆ ಇಟ್ಟುಕೊಂಡಳು. ಬಾಯಿ ಮುಚ್ಚಿದಳು. ಗದ್ದ ಸ್ವಲ್ಪ ಮೇಲಕ್ಕೆತ್ತಿದಳು. ನಾನು ಕಾದೆ. ಆಮೇಲೆ ಪಕ್ಕಕ್ಕೆ ತಿರುಗಿ ಉಗುಳಿದಳು.

"ಏನಿಲ್ಲಣ್ಣ. ಬಾಯಾಗ ರಸ ತುಂಬ್ತಿತ್ತು. ಹೊರಗ ಆದ್ರ ಉಗುಳ್ತೀನಿ, ಅಲ್ಲಿ ಒಳಗ ಉಗುಳಬ್ಯಾಡಂತಿದ್ದ ಪ್ರೇಮ. ನುಂಗಾಕ ಹೊತ್ತು ಹಿಡೀತಿತ್ತು."